ಡೆಂಟಲ್ ಹೈಜೀನಿಸ್ಟ್ ಕೋರ್ಸ್: ಊರಿನಲ್ಲೇ ಕೆಲಸ ಸಿಕ್ಕೀತೇ?

ಪ್ರಶ್ನೆ: ಮಗಳು ವಿಜ್ಞಾನ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದಾಳೆ. ನೀಟ್ ರ‍್ಯಾಂಕಿಗೆ ಬಿಡಿಎಸ್ (ದಂತವೈದ್ಯ ಪದವಿ) ಸರ್ಕಾರಿ ಸೀಟು ಸಿಗದು, ಮ್ಯಾನೇಜ್‌ಮೆಂಟ್ ಸೀಟಿಗೆ ಕಟ್ಟುವಷ್ಟು ಹಣ ನಮ್ಮಲ್ಲಿಲ್ಲ. ಡೆಂಟಲ್ ಹೈಜೀನಿಸ್ಟ್ ಕೋರ್ಸ್ ಮಾಡಿದರೆ ದಾವಣಗೆರೆಯಲ್ಲೇ ಕೆಲಸ ಸಿಗುತ್ತದೆ, ಸ್ವಂತ ಕ್ಲಿನಿಕ್ ತೆರೆಯಬಹುದು, ವಿದೇಶಕ್ಕೂ ಹೋಗಬಹುದು ಎಂದು ಪರಿಚಿತರು ಹೇಳುತ್ತಾರೆ. ನಂಬಬಹುದೇ?
– ಒಬ್ಬ ತಾಯಿ, ಚನ್ನಗಿರಿ

ಉತ್ತರ: ಸ್ವಂತ ಕ್ಲಿನಿಕ್ಕಿನ ಮಾತನ್ನು ಮೊದಲೇ ಬದಿಗಿಡಿ. 1948ರ ದಂತವೈದ್ಯರ ಕಾಯ್ದೆ ವಿವರಿಸಿದಂತೆ ಹೈಜೀನಿಸ್ಟ್ ಎಂದರೆ ದಂತವೈದ್ಯರಲ್ಲದ, ಆದರೆ ಹಲ್ಲಿನ ಸ್ಕೇಲಿಂಗ್ (ಅಂಟಿದ ಕಿಟ್ಟ, ಕಲೆ ಕೆರೆದು ತೆಗೆಯುವುದು) ಹಾಗೂ ಪಾಲಿಶ್ ಮಾಡುವ, ಬಾಯಿಯ ಶುಚಿತ್ವದ ತಿಳಿವಳಿಕೆ ನೀಡುವ ವ್ಯಕ್ತಿ. ಹುಳುಕು ತುಂಬುವುದಾಗಲಿ, ಹಲ್ಲು ಕೀಳುವುದಾಗಲಿ ಅವರ ಕೆಲಸವಲ್ಲ. ದಂತವೈದ್ಯರ ಮೇಲ್ವಿಚಾರಣೆಯಲ್ಲೇ ದುಡಿಯಬೇಕು.

ಇನ್ನು ಊರಿನ ಕೆಲಸ. ದಾವಣಗೆರೆಯಲ್ಲಿ ಬಾಪೂಜಿ ದಂತ ಮಹಾವಿದ್ಯಾಲಯ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ, ಚಿತ್ರದುರ್ಗದಲ್ಲಿ ಎಸ್‌ಜೆಎಂ ಕಾಲೇಜಿದೆ. ಇಷ್ಟು ಕಾಲೇಜುಗಳಿದ್ದರೆ ಅವಕಾಶವೂ ಹೆಚ್ಚಿರಬೇಕು ಎನ್ನಿಸುವುದು ಸಹಜ, ಆದರೆ ಲೆಕ್ಕ ತಿರುಗುಮುರುಗಾಗಿದೆ. ಕಾಲೇಜಿನ ಒಸಡು ವಿಭಾಗಕ್ಕೆ ಬರುವ ರೋಗಿಗಳಿಗೆ ಸ್ಕೇಲಿಂಗ್ ಮಾಡುವವರು ಬಹುಪಾಲು ಬಿಡಿಎಸ್ ವಿದ್ಯಾರ್ಥಿಗಳು ಮತ್ತು ಇಂಟರ್ನ್‌ಗಳು, ಏಕೆಂದರೆ ಅದು ಅವರ ಕಲಿಕೆಯ ಭಾಗ. ಸಣ್ಣ ಕ್ಲಿನಿಕ್ಕುಗಳಲ್ಲಿ ವೈದ್ಯರೇ ಆ ಕೆಲಸ ಮಾಡಿಕೊಳ್ಳುತ್ತಾರೆ, ಇಲ್ಲವೇ ಹೊಸದಾಗಿ ಬಿಡಿಎಸ್ ಮುಗಿಸಿದವರಿಗೆ ಒಪ್ಪಿಸುತ್ತಾರೆ. ಹಾಗಾಗಿ ಹೈಜೀನಿಸ್ಟ್ ಆಗಿ ಸೇರಿದವರಿಗೂ ಕೊನೆಗೆ ಉಪಕರಣ ತೊಳೆದು ಜೋಡಿಸುವ ಸಹಾಯಕರ ಕೆಲಸ, ಅದೇ ಸಂಬಳವೇ ದಕ್ಕುವ ಸಂಭವ ಹೆಚ್ಚು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸ್ಥಿತಿ ಇದಕ್ಕಿಂತ ಉತ್ತಮ. ನಿವೃತ್ತ ಸೈನಿಕರ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕುಗಳೂ ಗುತ್ತಿಗೆಯ ಮೇಲೆ ಇಂಥವರನ್ನು ತೆಗೆದುಕೊಳ್ಳುತ್ತವೆ.

ಕೆಲಸಕ್ಕೆ ಅಗತ್ಯವಿಲ್ಲವೆಂದು ಇದರ ಅರ್ಥವಲ್ಲ. ಎಲೆ ಅಡಿಕೆ, ತಂಬಾಕಿನ ಕಲೆ ನಿಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಕೊಳವೆಬಾವಿಯ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಾದವರೂ ಈ ಎರಡೂ ಜಿಲ್ಲೆಗಳಲ್ಲಿದ್ದಾರೆ. ಮೊದಲನೆಯದು ಸ್ಕೇಲಿಂಗ್‌ಗೆ ಹೋಗುತ್ತದೆ. ಎರಡನೆಯದು ಹಲ್ಲು ರೂಪುಗೊಳ್ಳುವಾಗಲೇ ಅದರ ಹೊರಪದರವಾದ ಎನಾಮಲ್‌ನೊಳಗೆ ಸೇರಿದ ದೋಷವಾದ್ದರಿಂದ ಎಷ್ಟು ಉಜ್ಜಿದರೂ ಹೋಗದು. ಇದನ್ನು ಶಾಲಾ ಶಿಬಿರಗಳಲ್ಲಿ ತಾಳ್ಮೆಯಿಂದ ತಿಳಿಸಬೇಕಾದವರು ಹೈಜೀನಿಸ್ಟರೇ. ಅಗತ್ಯವಿದೆ, ಹುದ್ದೆ ಮಾತ್ರ ಕಡಿಮೆ.

ವಿದೇಶದ ಆಸೆ ಆಧಾರರಹಿತವಲ್ಲ. ಅಮೆರಿಕದಲ್ಲಿ ಈ ವೃತ್ತಿಗೆ 1913ರಲ್ಲೇ ಶಾಲೆ ತೆರೆಯಿತು, ಇಂದಿಗೂ ಅಲ್ಲಿ ಇದು ಒಳ್ಳೆಯ ಸಂಬಳದ ಕೆಲಸ. ಆದರೆ ಅಲ್ಲಿ ಮಾನ್ಯತೆ ಪಡೆದ ಕೋರ್ಸ್, ರಾಷ್ಟ್ರೀಯ ಪರೀಕ್ಷೆ, ಆಯಾ ರಾಜ್ಯದ ಪರವಾನಗಿ ಬೇಕಾಗುವುದರಿಂದ ಇಲ್ಲಿನ ಡಿಪ್ಲೊಮಾ ಹಿಡಿದು ನೇರವಾಗಿ ಕೆಲಸಕ್ಕೆ ಸೇರಲಾಗದು. ಕೊಲ್ಲಿ ದೇಶಗಳಿಗೂ ಅನುಭವಪತ್ರ ಮತ್ತು ಪರವಾನಗಿ ಬೇಕು.

ಆದರೂ ಮಗಳಿಗೆ ಇದರಲ್ಲೇ ಒಲವಿದ್ದರೆ, ದಂತ ಶಿಕ್ಷಣದ ರಾಷ್ಟ್ರೀಯ ನಿಯಂತ್ರಣ ಸಂಸ್ಥೆಯ ಮಾನ್ಯತೆಯುಳ್ಳ ಎರಡು ವರ್ಷದ ಡಿಪ್ಲೊಮಾಕ್ಕೆ ಮಾತ್ರ ಸೇರಿಸಿ. ಆರು ತಿಂಗಳ ಸರ್ಟಿಫಿಕೇಟಿಗೆ ಹೈಜೀನಿಸ್ಟ್ ಎಂಬ ಹೆಸರಿಟ್ಟು ಶುಲ್ಕ ಕೇಳುವವರ ಬಳಿ, ಮುಗಿಸಿದ ಮೇಲೆ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿ ಆಗುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಕೊಡುವಂತೆ ಕೇಳಿ. ಮನೆಗೆ ಹತ್ತಿರದ ಸ್ಥಿರ ಕೆಲಸವೇ ಮುಖ್ಯವಾದರೆ, ಬಿಎಸ್ಸಿ ನರ್ಸಿಂಗ್ ಮೇಲೆಂದು ನನ್ನ ಅಭಿಪ್ರಾಯ.