ಟಕೀಲಾ, ಮೆಸ್ಕಾಲ್ ಮತ್ತು ಬೇಲಿಯ ಕತ್ತಾಳೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಗಿಡವನ್ನು ಸುತ್ತಿಕೊಂಡಿವೆ. ಮೆಕ್ಸಿಕೋದವರು ಮಾಗೆ ಎಂದು, ಸಸ್ಯಶಾಸ್ತ್ರಜ್ಞರು ಅಗಾವೆ ಎಂದು ಕರೆಯುವ ಆ ಗಿಡ ನಮ್ಮ ಬಯಲುಸೀಮೆಯವರಿಗೆ ಕತ್ತಾಳೆ. ಶಿರಾ ಕಡೆಯಿಂದ ಬಂದ ಪ್ರಶ್ನೆಯನ್ನು ಬೇಕೆಂದೇ ಕೊನೆಗಿಟ್ಟಿದ್ದೇನೆ.

ಪ್ರಶ್ನೆ: ಬಾರ್‌ನ ಪಟ್ಟಿಯಲ್ಲಿ ‘ಮೆಸ್ಕಾಲ್’ ಎಂದಿತ್ತು. ಏನದು ಎಂದು ಕೇಳಿದ್ದಕ್ಕೆ, ‘ಹೊಗೆ ವಾಸನೆಯ ಟಕೀಲಾ ಸಾರ್’ ಎಂದ ಹುಡುಗ. ನಿಜವೇ?
— ಓದುಗರು, ಬೆಂಗಳೂರು

ಹುಡುಗ ಸಂಬಂಧವನ್ನು ತಲೆಕೆಳಗು ಮಾಡಿದ್ದಾನೆ. ಕತ್ತಾಳೆಯಿಂದ ಇಳಿಸುವ ಮದ್ಯಗಳಲ್ಲಿ ಮೆಸ್ಕಾಲ್ ದೊಡ್ಡ ಮನೆತನ, ಟಕೀಲಾ ಅದರಿಂದ ಬೇರೆಯಾಗಿ ಊರೆಲ್ಲ ಹೆಸರು ಮಾಡಿದ ಮಗ. ಮೆಕ್ಸಿಕೋದ ಹಲಿಸ್ಕೊ ರಾಜ್ಯದ ಟಕೀಲಾ ಎಂಬ ಊರಿನ ಸುತ್ತ ಇಳಿಸುತ್ತಿದ್ದುದಕ್ಕೆ 19ನೇ ಶತಮಾನದಲ್ಲಿ ‘ಟಕೀಲಾದ ಮೆಸ್ಕಾಲ್’ ಎಂದೇ ಹೆಸರು. ವ್ಯಾಪಾರ ಬೆಳೆದಂತೆ ‘ಮೆಸ್ಕಾಲ್’ ಎಂಬ ಪದ ಉದುರಿ ಊರಿನ ಹೆಸರಷ್ಟೇ ಉಳಿಯಿತು.

ಆಮೇಲೆ ಬಂದದ್ದು ಕಾನೂನು. ನಂಜನಗೂಡಿನ ರಸಬಾಳೆಗೆ, ಆ ನೆಲದಲ್ಲಿ ಬೆಳೆದದ್ದಕ್ಕಷ್ಟೇ ಆ ಹೆಸರು ಎಂಬ ಭೌಗೋಳಿಕ ಸೂಚಿಕೆ ಇರುವುದು ನಿಮಗೆ ಗೊತ್ತು. ಅಂಥದ್ದೇ ಬೇಲಿಯನ್ನು ಮೆಕ್ಸಿಕೋ 1974ರಲ್ಲಿ ಟಕೀಲಾಕ್ಕೆ ಹಾಕಿತು. ಹಲಿಸ್ಕೊ ಪೂರ್ತಿ, ಜೊತೆಗೆ ನಾಯರಿತ್, ಗ್ವಾನಹ್ವಾಟೊ, ಮಿಚೊಅಕಾನ್, ತಮೌಲಿಪಾಸ್ ರಾಜ್ಯಗಳ ಕೆಲವು ಪುರಸಭೆಗಳು ಅದರೊಳಗೆ ಬರುತ್ತವೆ. ಗಿಡವೂ ಒಂದೇ: ಅಗಾವೆ ಟಕೀಲಾನಾ, ಅಂದರೆ ನೀಲಿ ಕತ್ತಾಳೆ. ಮೆಸ್ಕಾಲ್‌ಗೆ ಇದೇ ರೀತಿಯ ಬೇಲಿ ಬಿದ್ದದ್ದು 1994ರಲ್ಲಿ. ಒಹಾಕಾ, ಗೆರೆರೊ, ದುರಾಂಗೊ, ಸಾನ್ ಲೂಯಿಸ್ ಪೊಟೊಸಿ, ಸಕಾಟೆಕಾಸ್ ಮೊದಲು ಒಳಗೆ ಬಂದವು, ಉಳಿದ ರಾಜ್ಯಗಳು ಒಂದೊಂದಾಗಿ ಸೇರಿದವು. ಅಲ್ಲಿ ಗಿಡ ಇಂಥದ್ದೇ ಆಗಬೇಕೆಂಬ ಕಟ್ಟುಪಾಡಿಲ್ಲ. ಹತ್ತಾರು ಜಾತಿಯ ಕತ್ತಾಳೆಗಳಿಂದ ಮೆಸ್ಕಾಲ್ ಇಳಿಸುತ್ತಾರೆ.

ಇನ್ನು ಹೊಗೆಯ ಮಾತು. ಕತ್ತಾಳೆಯ ಎಲೆಗಳನ್ನೆಲ್ಲ ಸವರಿದರೆ ನಡುವೆ ದಪ್ಪ ದಿಂಡು ಉಳಿಯುತ್ತದೆ. ನೋಡಲು ದೈತ್ಯ ಅನಾನಸ್, ಸ್ಪ್ಯಾನಿಷ್‌ನಲ್ಲಿ ಅದನ್ನು ಕರೆಯುವುದೂ ಹಾಗೆಯೇ: ಪೀನ್ಯಾ. ಹಸಿ ದಿಂಡಿನಲ್ಲಿ ಸಕ್ಕರೆ ಫ್ರಕ್ಟಾನ್ ಎಂಬ ಉದ್ದ ಸರಪಳಿಯಾಗಿ ಕೂತಿರುತ್ತದೆ, ಯೀಸ್ಟ್‌ಗೆ ಅದು ಅಷ್ಟು ಸುಲಭಕ್ಕೆ ದಕ್ಕದು. ಬೇಯಿಸಿದಾಗ ಸರಪಳಿ ಮುರಿದು ಫ್ರಕ್ಟೋಸ್ ಆಗುತ್ತದೆ, ದಿಂಡು ಜೋನಿಬೆಲ್ಲದ ಬಣ್ಣಕ್ಕೆ ತಿರುಗುತ್ತದೆ, ಆಲೆಮನೆಯನ್ನು ನೆನಪಿಸುವ ವಾಸನೆ ಬರುತ್ತದೆ. ಎಲ್ಲವೂ ನಿಂತಿರುವುದು ಈ ಬೇಯಿಸುವಿಕೆಯ ಮೇಲೆ. ಟಕೀಲಾದವರು ಇಟ್ಟಿಗೆಯ ಒಲೆಯಲ್ಲೋ ಆಟೋಕ್ಲೇವ್ ಎಂಬ ಉಕ್ಕಿನ ಭಾರೀ ಕುಕ್ಕರಿನಲ್ಲೋ ಹಬೆಯಲ್ಲಿ ಬೇಯಿಸುತ್ತಾರೆ. ಒಹಾಕಾದ ಹಳ್ಳಿಗಳಲ್ಲಿ ನೆಲದಲ್ಲಿ ಗುಂಡಿ ತೋಡಿ, ಸೌದೆ ಉರಿಸಿ, ಕಲ್ಲುಗಳನ್ನು ಕಾಯಿಸಿ, ಮೇಲೆ ದಿಂಡು ಪೇರಿಸಿ, ಮಣ್ಣು ಮುಚ್ಚಿ ಮೂರರಿಂದ ಐದು ದಿನ ಬಿಡುತ್ತಾರೆ. ಕೆಂಡದಲ್ಲಿ ಹುಗಿದು ಸುಟ್ಟ ಗೆಣಸಿಗೂ ಕುಕ್ಕರಿನಲ್ಲಿ ಬೇಯಿಸಿದ ಗೆಣಸಿಗೂ ಇರುವ ಅಂತರ ಅದು.

ಆದರೆ ಎಲ್ಲ ಮೆಸ್ಕಾಲ್‌ನಲ್ಲೂ ಹೊಗೆ ಇರಲೇಬೇಕೆಂದಿಲ್ಲ. ಸಾನ್ ಲೂಯಿಸ್ ಪೊಟೊಸಿಯ ಕಡೆ ಸಾಲ್ಮಿಯಾನಾ ಎಂಬ ಹಸಿರು ಕತ್ತಾಳೆಯನ್ನು ನೆಲದ ಮೇಲಿನ ಒಲೆಯಲ್ಲಿ ಹಬೆಗೆ ಬೇಯಿಸುವ ರೂಢಿಯಿದೆ. ಹಸಿಮೆಣಸಿನಕಾಯಿಯನ್ನೂ ಹುಲ್ಲನ್ನೂ ನೆನಪಿಸುವ ರುಚಿ, ಹೊಗೆಯ ಸುಳಿವೇ ಇಲ್ಲ. ಹೊಗೆಯೊಂದನ್ನೇ ಹುಡುಕಿಕೊಂಡು ಮೆಸ್ಕಾಲ್ ಕುಡಿಯುವವರು ಗಿಡದ ರುಚಿಯನ್ನು ಕಳೆದುಕೊಳ್ಳುತ್ತಾರೆ ಎಂಬುದು ನನ್ನ ಹಳೆಯ ತಕರಾರು.

ಪ್ರಶ್ನೆ: ಅಂಗಡಿಯಲ್ಲಿ ಎರಡು ಬಾಟಲಿ ಟಕೀಲಾ ನೋಡಿದೆ. ಒಂದರ ಬೆಲೆ ಇನ್ನೊಂದರ ಎರಡರಷ್ಟು. ಎರಡೂ ಮೆಕ್ಸಿಕೋದವೇ. ಬಂಗಾರದ ಬಣ್ಣದ್ದೇ ಅಗ್ಗವಾಗಿತ್ತು! ಏನು ನೋಡಿ ಕೊಳ್ಳಬೇಕು?
— ಓದುಗರು, ಮೈಸೂರು

ಬಣ್ಣ ನೋಡಬೇಡಿ, ಸಣ್ಣಕ್ಷರ ಓದಿ. ‘100% ಅಗಾವೆ’ ಎಂದಿದ್ದರೆ ಅದರ ಸಕ್ಕರೆಯೆಲ್ಲ ಕತ್ತಾಳೆಯದೇ. ಬರೀ ‘ಟಕೀಲಾ’ ಎಂದಿದ್ದರೆ ಸಕ್ಕರೆಯಲ್ಲಿ 51% ಕತ್ತಾಳೆಯದಾದರೆ ಸಾಕು, ಉಳಿದದ್ದು ಕಬ್ಬಿನದೋ ಮೆಕ್ಕೆಜೋಳದ ಪಾಕದ್ದೋ ಆಗಬಹುದು. ಮಾತಿನಲ್ಲಿ ಇದಕ್ಕೆ ಮಿಕ್ಸ್ಟೊ ಎನ್ನುತ್ತಾರೆ. ಇದನ್ನು ಟ್ಯಾಂಕರಿನಲ್ಲಿ ಹೊರದೇಶಕ್ಕೆ ಸಾಗಿಸಿ ಅಲ್ಲಿ ಬಾಟಲಿಗೆ ತುಂಬಲೂ ಅವಕಾಶವಿದೆ. 100% ಅಗಾವೆಯದನ್ನು ಟಕೀಲಾ ಪ್ರದೇಶದೊಳಗೇ ತುಂಬಬೇಕು. ಅಗ್ಗದ ‘ಗೋಲ್ಡ್’ ಬಾಟಲಿಗಳ ಹೊಳಪು ಬಹುಪಾಲು ಕ್ಯಾರಮೆಲ್ ಬಣ್ಣದ್ದು.

ಪೀಪಾಯಿಯ ಬಣ್ಣ ಬೇರೆ. ಬ್ಲಾಂಕೊ ಎಂದರೆ ಮಾಗಿಸದ್ದು, ರೆಪೊಸಾದೊ ಓಕ್ ಮರದಲ್ಲಿ ಕನಿಷ್ಠ 2 ತಿಂಗಳು, ಅನ್ಯೆಹೊ 1 ವರ್ಷ, ಎಕ್ಸ್‌ಟ್ರಾ ಅನ್ಯೆಹೊ 3 ವರ್ಷ ಕಳೆದದ್ದು. ಇಲ್ಲೂ ಒಂದು ಕಿಂಡಿ ಇದೆ: ಕ್ಯಾರಮೆಲ್, ಓಕ್ ಸಾರ, ಗ್ಲಿಸರಿನ್, ಸಕ್ಕರೆ ಪಾಕಗಳನ್ನು ಒಟ್ಟು 1% ಮೀರದಂತೆ ಸೇರಿಸಲು ನಿಯಮ ಬಿಡುತ್ತದೆ, ಅದನ್ನು ಲೇಬಲ್‌ನಲ್ಲಿ ಹೇಳಬೇಕಾಗಿಲ್ಲ. ಸ್ವಲ್ಪವೆಂದರೂ ನಾಲಿಗೆಗೆ ಗೊತ್ತಾಗುವಷ್ಟು. ಬಾಯಿಗೆ ಹಾಕುತ್ತಲೇ ವೆನಿಲಾ ಐಸ್‌ಕ್ರೀಮಿನಂತಿದ್ದರೆ ನನಗಂತೂ ಅನುಮಾನ ಶುರುವಾಗುತ್ತದೆ. ಆದ್ದರಿಂದ ಮೊದಲ ಬಾಟಲಿ ಬ್ಲಾಂಕೊ ಇರಲಿ, ಅದರಲ್ಲಿ ಗಿಡಕ್ಕೆ ಬಚ್ಚಿಟ್ಟುಕೊಳ್ಳಲು ಜಾಗ ಕಡಿಮೆ.

‘ಎತ್ತರದ ಸೀಮೆ’, ‘ಕಣಿವೆ’ ಎಂಬ ಮಾತೂ ಕೇಳಿರುತ್ತೀರಿ. ಅರಾಂದಾಸ್, ಹೆಸೂಸ್ ಮರಿಯಾ ಊರುಗಳಿರುವ ಲೋಸ್ ಆಲ್ಟೋಸ್ ಸುಮಾರು 2000 ಮೀಟರ್ ಎತ್ತರದ ಕೆಂಪು ಜೇಡಿಯ ನಾಡು. ಅಲ್ಲಿನ ಟಕೀಲಾ ಸಿಹಿ, ಹೂವಿನಂತೆ ಎನ್ನುತ್ತಾರೆ. ಟಕೀಲಾ, ಅಮಾತಿತಾನ್ ಊರುಗಳ ಕಣಿವೆ ಜ್ವಾಲಾಮುಖಿಯ ಮಣ್ಣಿನದು, ಸುಮಾರು 1200 ಮೀಟರ್. ಅಲ್ಲಿಯದು ಸೊಪ್ಪಿನ, ಮೆಣಸಿನ ಖಾರದ್ದು ಎನ್ನುತ್ತಾರೆ. ಇದರಲ್ಲಿ ಹುರುಳಿದೆ, ಆದರೆ ಮಾರಾಟದವರು ಹೇಳುವಷ್ಟಿಲ್ಲ. ಕಾರ್ಖಾನೆಗಳು ಎರಡೂ ಕಡೆಯ ದಿಂಡು ತರಿಸುತ್ತವೆ. ಕಲ್ಲಿನ ಗಾಣದಲ್ಲಿ ಅರೆದರೋ ಅಥವಾ ಡಿಫ್ಯೂಸರ್ ಎಂಬ ಯಂತ್ರದಲ್ಲಿ ಹಸಿ ದಿಂಡನ್ನು ಸಿಗಿದು ಬಿಸಿನೀರಿನಿಂದ ಸತ್ವ ತೊಳೆದು ತೆಗೆದರೋ ಎಂಬುದು ಮಣ್ಣಿಗಿಂತ ಜೋರಾಗಿ ಮಾತಾಡುತ್ತದೆ. ಲೇಬಲ್‌ನ ಮೇಲೆ ‘ನೊಮ್’ ಅಕ್ಷರಗಳ ಜೊತೆ ನಾಲ್ಕಂಕಿಯ ಸಂಖ್ಯೆ ಇರುತ್ತದೆ, ಅದು ಭಟ್ಟಿಯ ಗುರುತು. ಬೇರೆ ಬೇರೆ ಹೆಸರಿನ ಬಾಟಲಿಗಳು ಒಂದೇ ಸಂಖ್ಯೆ ಹೊತ್ತಿರುವುದನ್ನು ಕಂಡರೆ ಬೆರಗಾಗಬೇಡಿ.

ಪ್ರಶ್ನೆ: ಇಲ್ಲಿನ ಅಂಗಡಿಗಳಲ್ಲಿ ಎಸ್ಪಾದಿನ್, ತೊಬಲಾ, ತೆಪೆಸ್ತಾತೆ ಎಂದೆಲ್ಲ ಬರೆದ ಮೆಸ್ಕಾಲ್‌ಗಳಿವೆ. ಬೆಲೆ ಒಂದಕ್ಕಿಂತ ಒಂದು ಮೇಲೆ. ಹೆಸರಿಗೆ ಇಷ್ಟು ಬೆಲೆಯೇ?
— ಓದುಗರು, ಡಲ್ಲಾಸ್

ನೀವು ಬೆಲೆ ಕೊಡುತ್ತಿರುವುದು ವರ್ಷಗಳಿಗೆ. ಕತ್ತಾಳೆಯ ಬದುಕು ನಮ್ಮ ಬಾಳೆಯಂತೆ: ಒಂದೇ ಸಲ ಹೂ ಬಿಡುತ್ತದೆ, ಆಮೇಲೆ ಸಾಯುತ್ತದೆ. ಹೂಗಂಬ ಮೇಲೇಳುವಾಗ ಅಷ್ಟು ದಿನ ಕೂಡಿಟ್ಟ ಸಕ್ಕರೆಯನ್ನೆಲ್ಲ ಅದಕ್ಕೆ ಸುರಿಯುತ್ತದೆ. ಹಾಗಾಗಿ ಬೆಳೆಗಾರ ಕಂಬವನ್ನು ಎಳೆಯದರಲ್ಲೇ ಕತ್ತರಿಸಿ, ಸಕ್ಕರೆ ದಿಂಡಿನಲ್ಲೇ ಉಳಿಯುವಂತೆ ನೋಡಿಕೊಳ್ಳುತ್ತಾನೆ. ಬಾಳೆಗೆ ಇದೆಲ್ಲ ಒಂದು ವರ್ಷದ ಮಾತು. ಎಸ್ಪಾದಿನ್ ಎಂಬ ಅಂಗುಸ್ಟಿಫೋಲಿಯಾ ಜಾತಿಗೆ ಆರೇಳು ವರ್ಷ ಬೇಕು. ಬುಡದಲ್ಲಿ ಕಂದು ಬಿಡುತ್ತದೆ, ಕಿತ್ತು ಸಾಲಾಗಿ ನೆಡಬಹುದು. ಮಾರುಕಟ್ಟೆಯ ಮೆಸ್ಕಾಲ್‌ನಲ್ಲಿ ಬಹುಪಾಲು ಇದರದೇ. ಅಗ್ಗವೆಂದು ತಾತ್ಸಾರ ಬೇಡ, ಒಳ್ಳೆಯ ಕೈಗೆ ಸಿಕ್ಕ ಎಸ್ಪಾದಿನ್ ಕೆಟ್ಟ ಕೈಗೆ ಸಿಕ್ಕ ತೊಬಲಾವನ್ನು ಸೋಲಿಸುತ್ತದೆ.

ತೊಬಲಾ ಎಂದರೆ ಪೊಟಟೋರಮ್ ಜಾತಿ. ಬೆಟ್ಟದ ಕಲ್ಲುನೆಲದ ಗಿಡ, ಕಂದು ಬಿಡುವುದು ಅಪರೂಪ, ಬೀಜದಿಂದಲೇ ಹುಟ್ಟಬೇಕು. ಬಲಿಯಲು ಹತ್ತು ಹನ್ನೆರಡು ವರ್ಷ, ಬಲಿತರೂ ದಿಂಡು ಪುಟ್ಟದು. ತೆಪೆಸ್ತಾತೆ, ಅಂದರೆ ಮಾರ್ಮೊರಾಟಾ, ಬಂಡೆಯ ಸಂದಿಯಲ್ಲಿ 20–25 ವರ್ಷ ಕಾಯುತ್ತದೆ. ಮಗ ಹುಟ್ಟಿದಾಗ ಮೊಳೆತ ಗಿಡವನ್ನು ಅವನ ಮದುವೆಯ ಹೊತ್ತಿಗೆ ಕಡಿದಂತೆ. ಮಾದ್ರೆಕ್ವಿಷೆ ಮೊದಲಾದ ಕಾರ್ವಿನ್ಸ್ಕಿ ಬಳಗದ್ದು ನೆಲಬಿಟ್ಟು ಕಂಬದಂತೆ ಏಳುವ ಕಾಂಡ. ದಿಂಡು ಒಣಕಲು, ರುಚಿಯೂ ಒಣಗಿದ ಸೊಪ್ಪು, ಹಸಿ ಮಣ್ಣಿನದು. ಗೆರೆರೊ, ಮಿಚೊಅಕಾನ್ ರಾಜ್ಯಗಳಲ್ಲಿ ಕುಪ್ರಿಯಾಟಾ, ದುರಾಂಗೊದಲ್ಲಿ ದುರಾಂಗೆನ್ಸಿಸ್ ಎಂಬ ಜಾತಿಗಳನ್ನು ಬಳಸುತ್ತಾರೆ.

ಕಾಡಿನ ಗಿಡಗಳ ಮೇಲೆ ಈ ಬೇಡಿಕೆ ಬಿದ್ದಿರುವುದು ಚಿಂತೆಯ ಸಂಗತಿಯೇ. ಹೂ ಬಿಡುವ ಮೊದಲೇ ಕಡಿದರೆ ಬೀಜ ಎಲ್ಲಿಂದ? ಹೂವಿನ ಮಕರಂದವನ್ನೇ ನಂಬಿ ವಲಸೆ ಬರುವ ಉದ್ದಮೂತಿಯ ಬಾವಲಿಗಳಿಗೆ ಊಟ ಎಲ್ಲಿಂದ? ನೀಲಿ ಕತ್ತಾಳೆಯ ತೊಂದರೆ ಇನ್ನೊಂದು ಬಗೆಯದು. ಕಂದುಗಳಿಂದಲೇ ಬೆಳೆಸಿದ ತೋಟದಲ್ಲಿ ಗಿಡಗಳೆಲ್ಲ ಒಂದರ ನಕಲು ಒಂದು. 1990ರ ದಶಕದ ಕೊನೆಗೆ ರೋಗ ಹರಡಿದಾಗ ಹಲಿಸ್ಕೊದಲ್ಲಿ ಬೆಳೆ ನೆಲ ಕಚ್ಚಿ ದಿಂಡಿನ ಬೆಲೆ ಗಗನಕ್ಕೇರಿತು. ನೂರಕ್ಕೆ ಐದು ಗಿಡಗಳನ್ನು ಹೂವಿಗೆ ಬಿಟ್ಟವರಿಗೆ ‘ಬಾವಲಿ ಸ್ನೇಹಿ’ ಎಂಬ ಗುರುತು ಕೊಡುವ ಕಾರ್ಯಕ್ರಮವೊಂದು ಅಲ್ಲಿ ನಡೆದಿದೆ.

ಲೇಬಲ್‌ನಲ್ಲಿ ಇನ್ನೊಂದು ಪದ ಹುಡುಕಿ. ಮೆಸ್ಕಾಲ್‌ನ ಈಗಿನ ನಿಯಮಗಳಲ್ಲಿ ಮೂರು ಮೆಟ್ಟಿಲಿವೆ. ಬರೀ ‘ಮೆಸ್ಕಾಲ್’ ಎಂದರೆ ಆಟೋಕ್ಲೇವ್, ಡಿಫ್ಯೂಸರ್ ಎಲ್ಲ ನಡೆಯುತ್ತದೆ. ‘ಆರ್ಟೆಸನಾಲ್’ ಎಂದರೆ ಗುಂಡಿ ಅಥವಾ ಗಾರೆಯ ಒಲೆ, ನೇರ ಬೆಂಕಿಯ ಭಟ್ಟಿ. ‘ಅನ್ಸೆಸ್ತ್ರಾಲ್’ ಎಂದರೆ ಮಣ್ಣಿನ ಮಡಕೆಯಲ್ಲೇ ಇಳಿಸಿದ್ದು. ಒಹಾಕಾದ ಸಾಂತಾ ಕತರಿನಾ ಮಿನಾಸ್ ಇದಕ್ಕೆ ಹೆಸರಾದ ಊರು. ಮಡಕೆಯದು ತಾಮ್ರದ್ದಕ್ಕಿಂತ ಮೆತ್ತಗೆ, ಮಳೆ ಬಿದ್ದ ನೆಲದ ವಾಸನೆ. ಬರೀ ‘ಅಗಾವೆ ಭಟ್ಟಿ’ ಎಂಬರ್ಥದ ‘ಡೆಸ್ತಿಲಾದೊ ದೆ ಅಗಾವೆ’ ಎಂದು ಬರೆದದ್ದನ್ನೂ ದೂರವಿಡಬೇಡಿ. ಬೇಲಿಯ ಹೊರಗಿರುವ, ಅಥವಾ ಪ್ರಮಾಣಪತ್ರದ ಖರ್ಚು ತಾಳಲಾರದ ಸಣ್ಣ ಭಟ್ಟಿಯವರು ಮೆಸ್ಕಾಲ್ ಎಂದು ಬರೆಯುವಂತಿಲ್ಲ, ಅಷ್ಟೇ.

ನಿಮ್ಮ ಟೆಕ್ಸಾಸ್ ಮೆಕ್ಸಿಕೋದ ಗಡಿಗೆ ಅಂಟಿಕೊಂಡಿರುವುದರಿಂದ ಇನ್ನೂ ಮೂರು ಹೆಸರು ಕಣ್ಣಿಗೆ ಬೀಳಬಹುದು. ಬಕನೋರಾ ಸೊನೋರಾ ರಾಜ್ಯದ್ದು. ಗಿಡ ಎಸ್ಪಾದಿನ್‌ನ ಜಾತಿಯೇ, ಆದರೆ ಮರುಭೂಮಿಯಲ್ಲಿ ಬೆಳೆದದ್ದು. 1915ರಲ್ಲಿ ಅಲ್ಲಿನ ಸರ್ಕಾರ ನಿಷೇಧಿಸಿತು, 1992ರವರೆಗೂ ಜನ ಗುಡ್ಡಗಳಲ್ಲಿ ಕದ್ದು ಇಳಿಸಿದರು. ರೈಸಿಯಾ ಹಲಿಸ್ಕೊದ್ದೇ, ಆದರೆ ನೀಲಿ ಕತ್ತಾಳೆಯದಲ್ಲ. ಬೆಟ್ಟದ ಕಡೆ ಮ್ಯಾಕ್ಸಿಮಿಲಿಯಾನಾ ಮುಂತಾದವು, ಕರಾವಳಿಯ ಕಡೆ ಬೇರೆ ಜಾತಿಗಳು. ಹುಳಿಹಣ್ಣಿನ, ಕೆಲವೊಮ್ಮೆ ಚೀಸಿನಂಥ ಗಾಢ ವಾಸನೆ, ಮೊದಲ ಗುಟುಕಿಗೆ ಎಲ್ಲರಿಗೂ ಹಿಡಿಸದು. ಸೊತೋಲ್ ಕತ್ತಾಳೆಯೇ ಅಲ್ಲ. ಚಿವಾವಾ ಕಡೆಯ ದಾಸಿಲಿರಿಯನ್ ಎಂಬ ದೂರದ ನೆಂಟ, ಕಡಿದರೂ ಮತ್ತೆ ಚಿಗುರಬಲ್ಲದು.

ಕರಾವಳಿಯ ಓದುಗರಿಗೆಂದು ಒಂದು ಮಾತು ಸೇರಿಸುತ್ತೇನೆ. ಮನಿಲಾದಿಂದ ಮೆಕ್ಸಿಕೋದ ಅಕಪುಲ್ಕೊಗೆ ಸ್ಪ್ಯಾನಿಷ್ ಹಡಗುಗಳು 1565ರಿಂದ 1815ರವರೆಗೆ ಓಡಾಡಿದವು. ಅವುಗಳಲ್ಲಿ ಬಂದ ಫಿಲಿಪೀನ್ಸ್‌ನ ಜನ ಕೊಲಿಮಾದ ತೀರದಲ್ಲಿ ತೆಂಗಿನ ಶೇಂದಿ ಇಳಿಸಿ ಅದನ್ನು ಭಟ್ಟಿಗೆ ಹಾಕುತ್ತಿದ್ದರು. ಮಿಚೊಅಕಾನ್ ಮೊದಲಾದ ಕಡೆ ಮೆಸ್ಕಾಲ್ ಇಳಿಸಲು ಇವತ್ತಿಗೂ ಬಳಕೆಯಲ್ಲಿರುವ ಮರದ ಭಟ್ಟಿ ಅವರಿಂದ ಬಂದದ್ದೆಂದು ಅನೇಕ ಇತಿಹಾಸಕಾರರ ಮಾತು. ಕೊಲಿಮಾದಲ್ಲಿ ತೆಂಗಿನ ನೀರಾ ಈಗಲೂ ‘ತುಬಾ’ ಎಂಬ ಫಿಲಿಪೀನ್ಸ್ ಹೆಸರಲ್ಲೇ ಬೀದಿಯಲ್ಲಿ ಮಾರಾಟವಾಗುತ್ತದೆ.

ಪ್ರಶ್ನೆ: ಬಾಟಲಿಯೊಳಗಿನ ಹುಳು ಏನು?
— ಓದುಗರು, ಹುಬ್ಬಳ್ಳಿ

ಕತ್ತಾಳೆ ಕೊರೆಯುವ ಪತಂಗದ ಮರಿಹುಳು. 1950ರ ಸುಮಾರಿಗೆ ಮಾರಾಟಕ್ಕಾಗಿ ಹುಟ್ಟಿದ ಉಪಾಯ. ಕೆಲವು ಮೆಸ್ಕಾಲ್‌ಗಳಲ್ಲಿ ಮಾತ್ರ ಇರುತ್ತದೆ, ಟಕೀಲಾದಲ್ಲಿ ಇಲ್ಲ. ಅದೇ ಹುಳುವನ್ನು ಹುರಿದು ಉಪ್ಪು, ಮೆಣಸಿನಪುಡಿ ಸೇರಿಸಿ ಕುಟ್ಟಿದ ಪುಡಿಯನ್ನು ಕಿತ್ತಳೆ ಹೋಳಿಗೆ ಸವರಿ ಮೆಸ್ಕಾಲ್ ಜೊತೆ ತಿನ್ನುತ್ತಾರೆ, ಅದು ನಿಜಕ್ಕೂ ಚೆನ್ನ.

ಪ್ರಶ್ನೆ: ಟಕೀಲಾ ಕುಡಿದರೆ ತೂಕ ಇಳಿಯುತ್ತದೆ, ಸಕ್ಕರೆ ಕಾಯಿಲೆಯವರಿಗೂ ಒಳ್ಳೆಯದು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಬಂದಿದೆ.
— ಓದುಗರು, ದಾವಣಗೆರೆ

ಆ ಸಂದೇಶ ಅಳಿಸಿ. ಅಂಥ ಮಾತಿಗೆ ಮೂಲವಾದ ಪ್ರಯೋಗ ನಡೆದದ್ದು ಇಲಿಗಳ ಮೇಲೆ, ಕೊಟ್ಟದ್ದು ಹಸಿ ಕತ್ತಾಳೆಯ ಫ್ರಕ್ಟಾನ್. ಬೇಯಿಸಿ ಹುಳಿಸಿದ ಮೇಲೆ ಆ ಫ್ರಕ್ಟಾನ್ ಸಕ್ಕರೆಯಾಗಿ, ಸಕ್ಕರೆ ಮದ್ಯವಾಗಿ ಹೋಗಿರುತ್ತದೆ. 40%ನ 30 ಮಿಲಿಲೀಟರ್‌ನಲ್ಲಿ ಉಳಿಯುವುದು ಸುಮಾರು 9.5 ಗ್ರಾಂ ಆಲ್ಕೊಹಾಲ್, 65 ಕ್ಯಾಲೊರಿಯಷ್ಟು. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಪ್ರಶ್ನೆ: ನಮ್ಮ ಹೊಲದ ಬದುವಿನ ತುಂಬ ಕತ್ತಾಳೆ ಇದೆ. ಅಜ್ಜನ ಕಾಲದಲ್ಲಿ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು, ಈಗ ಕೇಳುವವರಿಲ್ಲ. ಇದರಿಂದ ಟಕೀಲಾ ಮಾಡಬಹುದೇ?
— ಓದುಗರು, ಶಿರಾ

ಟಕೀಲಾ ಆಗದು. ಗಿಡವೂ ಬೇರೆ, ನೆಲವೂ ಬೇರೆ. ಆದರೆ ನಿಮ್ಮ ಬದುವಿನ ಗಿಡ ಕೆಲಸಕ್ಕೆ ಬಾರದ್ದು ಎಂದುಕೊಳ್ಳಬೇಡಿ. ಎಲೆ ಬೂದುನೀಲಿ, ಅಂಚಿನಲ್ಲಿ ಕೊಕ್ಕೆಮುಳ್ಳು, ಆಳೆತ್ತರ ಬೆಳೆದಿದ್ದರೆ ಅದು ಬಹುಶಃ ಅಗಾವೆ ಅಮೆರಿಕಾನಾ. ಒಹಾಕಾದ ದುಬಾರಿ ಅರೊಕೆನ್ಯೊ ಮೆಸ್ಕಾಲ್ ಇದೇ ಜಾತಿಯ ಒಂದು ಬಗೆಯದು. ಎಲೆ ಕತ್ತಿಯಂತೆ ನೆಟ್ಟಗಿದ್ದು, ಅಂಚಿನಲ್ಲಿ ಮುಳ್ಳು ಇಲ್ಲವೆನ್ನುವಷ್ಟಿದ್ದರೆ ಅದು ಸಿಸಾಲ್, ನಾರಿಗೆಂದು ಬೆಳೆಸುವುದು. ಎರಡೂ ಅಮೆರಿಕ ಖಂಡದಿಂದ ಬಂದು ನಮ್ಮ ರೈಲುಹಳಿ, ಹೊಲದ ಅಂಚುಗಳಲ್ಲಿ ನೆಲೆಯೂರಿದವು.

ದಖ್ಖನ್ನಿನ ಈ ಅಮೆರಿಕಾನಾದಿಂದಲೇ ಮದ್ಯ ಇಳಿಸಬಹುದೆಂದು ತೋರಿಸಿಕೊಟ್ಟವರು ಡೆಸ್ಮಂಡ್ ನಜರೆತ್. ನಮ್ಮ ಗಡಿಯಾಚೆಯ ಚಿತ್ತೂರು ಜಿಲ್ಲೆಯಲ್ಲಿ ಭಟ್ಟಿ ಹಾಕಿ, 2011ರಲ್ಲಿ ‘ಡೆಸ್ಮಂಡ್‌ಜಿ’ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಟಕೀಲಾ ಎಂದು ಬರೆಯಲಿಲ್ಲ, ಅಗಾವೆ ಎಂದೇ ಬರೆದರು. ಆಮೇಲೆ ಬೇರೆಯವರೂ ಈ ದಾರಿಗೆ ಬಂದಿದ್ದಾರೆ. ಅಂಥ ಕಂಪನಿಗಳು ದಿಂಡು ಕೊಳ್ಳುತ್ತವೆಯೇ ಎಂದು ವಿಚಾರಿಸುವುದು ನಿಮಗಿರುವ ದಾರಿ. ಮನೆಯಲ್ಲಿ ಪ್ರಯತ್ನ ಬೇಡವೇ ಬೇಡ. ಪರವಾನಗಿ ಇಲ್ಲದೆ ಭಟ್ಟಿ ಇಳಿಸುವುದು ಕರ್ನಾಟಕ ಅಬಕಾರಿ ಕಾಯ್ದೆಯಂತೆ ಅಪರಾಧ. ಮೇಲಾಗಿ ಮೊದಲು ಇಳಿಯುವ ಭಾಗವನ್ನು ಬೇರ್ಪಡಿಸಲು ಅರಿಯದ ಕೈಗೆ ಅದು ಆಟವಲ್ಲ.

ಬದು ಸರಿಮಾಡಲೆಂದು ಕಡಿಯುವುದಾದರೂ ತೋಳು ತುಂಬ ಬಟ್ಟೆ, ಕೈಗೆ ಗವಸು, ಕಣ್ಣಿಗೆ ಕನ್ನಡಕ ಇರಲಿ. ಎಲೆಯ ರಸದಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಕೆಸುವಿನ ತುರಿಕೆ ಅದರ ಮುಂದೆ ಏನೂ ಅಲ್ಲ.