ಸೋರುವ ಮಾಡಿಗಾಗಿ ಮನೆಯನ್ನೇ ಬರೆದುಕೊಡಬೇಕೇ?

ಮಾನ್ಯರೇ,

ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಿಂದ ನೀವು ಬರೆದ ಪತ್ರವನ್ನು ಎರಡು ಬಾರಿ ಓದಿದೆ. ನಿಮ್ಮ ನೆರೆಮನೆಯ 74 ವರ್ಷದ ಅಜ್ಜಿಗೆ ಸಂಧ್ಯಾ ಸುರಕ್ಷಾದ 1,200 ಮತ್ತು ಗೃಹಲಕ್ಷ್ಮಿಯ 2,000 ರೂಪಾಯಿ ಬಿಟ್ಟರೆ ಬೇರೆ ಆದಾಯವಿಲ್ಲ. ಅಡುಗೆಮನೆಯ ಹೆಂಚಿನ ಮಾಡು ಸೋರುತ್ತಿದೆ, ಅದರ ಕೆಳಗಿನ ಮಣ್ಣಿನ ಗೋಡೆ ಉಬ್ಬಿದೆ, ಮೇಸ್ತ್ರಿ ಒಟ್ಟು ಮೂರು ಲಕ್ಷ ಕೇಳಿದ್ದಾನೆ. ಬೆಂಗಳೂರಿನಲ್ಲಿರುವ ಮಗ, ಮನೆಯನ್ನು ದಾನಪತ್ರದ ಮೂಲಕ ತನ್ನ ಹೆಸರಿಗೆ ಮಾಡಿಕೊಟ್ಟರೆ ಖರ್ಚು ಹಾಕುವುದಾಗಿ ಹೇಳಿದ್ದಾನೆ. ಖಾಸಗಿ ಸಾಲ ಸಂಸ್ಥೆಯೊಂದು ಮನೆಯ ಪತ್ರ ಇಟ್ಟುಕೊಂಡು ಹಣ ಕೊಡಲು ಸಿದ್ಧವಿದೆ. ಯಾವುದು ಸರಿ ಎಂದು ನೀವು ಕೇಳಿದ್ದೀರಿ. ಎರಡೂ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ನಿಮ್ಮ ಪತ್ರದಲ್ಲಿಯೇ ಇದೆ. ಆ ಮನೆಯನ್ನು ಅಜ್ಜಿಯ ಪತಿ ಸ್ವಂತ ದುಡಿಮೆಯಿಂದ ಕಟ್ಟಿಸಿದರು, ಉಯಿಲು ಬರೆಯದೆ ತೀರಿಕೊಂಡರು, ಖಾತೆ ಇನ್ನೂ ಅವರ ಹೆಸರಿನಲ್ಲಿಯೇ ಇದೆ, ಸಾಗರಕ್ಕೆ ಮದುವೆಯಾಗಿ ಹೋದ ಮಗಳೂ ಇದ್ದಾಳೆ ಎಂದು ಬರೆದಿದ್ದೀರಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಇಂತಹ ಆಸ್ತಿ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲಾಗಿ ಬರುತ್ತದೆ. ಅಂದರೆ ಅಜ್ಜಿ ಕೊಡಬಹುದಾದದ್ದು ತಮ್ಮ ಮೂರನೇ ಒಂದು ಪಾಲನ್ನು ಮಾತ್ರ. ಇಡೀ ಮನೆಯನ್ನು ದಾನ ಮಾಡಲು ಅವರಿಂದ ಆಗದು, ಮೂವರೂ ಸಹಿ ಹಾಕದೆ ಒತ್ತೆ ಇಡಲೂ ಆಗದು. ಇದರ ಇನ್ನೊಂದು ಮುಖವನ್ನು ಮಗನಿಗೆ ನೀವೇ ಸಮಾಧಾನದಿಂದ ತಿಳಿಸಬೇಕು: ಮನೆಯ ಮೂರನೇ ಒಂದು ಪಾಲು ಈಗಾಗಲೇ ಅವನದು. ಮಾಡಿಗೆ ಹಾಕುವ ಹಣ ತಾಯಿಗೆ ಮಾಡುವ ಉಪಕಾರವಲ್ಲ, ತನ್ನ ಆಸ್ತಿಯನ್ನು ತಾನು ಉಳಿಸಿಕೊಳ್ಳುವ ಖರ್ಚು. ಅದಕ್ಕೆ ತಾಯಿಯ ಪಾಲನ್ನು ಬೆಲೆಯಾಗಿ ಕೇಳುವುದು ನ್ಯಾಯವಲ್ಲ.

ಇಷ್ಟು ಹೇಳಿದ ಮೇಲೂ ಅಜ್ಜಿ ತಮ್ಮ ಪಾಲನ್ನು ಮಗನಿಗೆ ಕೊಡಲು ಮನಸ್ಸು ಮಾಡಿದರೆ ಉಯಿಲು ಬರೆಯಲಿ. ಉಯಿಲನ್ನು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರವೇ ಆಗಬೇಕೆಂದು ಹಟ ಹಿಡಿದರೆ, ‘ತಾಯಿಯನ್ನು ಕೊನೆಯವರೆಗೆ ಈ ಮನೆಯಲ್ಲಿಯೇ ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತು ಅದರೊಳಗೆ ಅಕ್ಷರದಲ್ಲಿ ಇರಲೇಬೇಕು. ಹಿರಿಯ ನಾಗರಿಕರ 2007ರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 23ನೇ ಕಲಮು, ಆ ಷರತ್ತು ಮುರಿದಾಗ ಪತ್ರವನ್ನು ರದ್ದುಪಡಿಸುವ ಅಧಿಕಾರವನ್ನು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಕೊಟ್ಟಿದೆ. ಬಾಯಿಮಾತಿನ ಭರವಸೆಯನ್ನು ನಂಬಿ ಬರೆದುಕೊಟ್ಟವರು ಅಲೆದಾಡುವುದನ್ನು ಕಂಡಿದ್ದೇನೆ. ಅದೇ ಮಂಡಳಿಯ ಮುಂದೆ ಮಕ್ಕಳಿಂದ ಜೀವನಾಂಶವನ್ನೂ ಕೇಳಬಹುದು, ಆದರೆ ಅಜ್ಜಿಯ ಮನಸ್ಸು ಅದಕ್ಕೆ ಒಪ್ಪಲಾರದು ಎಂದು ನೀವೇ ಬರೆದಿರುವುದರಿಂದ ಅದನ್ನು ಒತ್ತಿ ಹೇಳುವುದಿಲ್ಲ. ಮಹಿಳೆಯಾದ್ದರಿಂದ, ಆದಾಯ ಎಷ್ಟೇ ಇರಲಿ, ಅವರಿಗೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಉಚಿತ ನೆರವಿದೆ. ಹಿರಿಯರ ಸಹಾಯವಾಣಿ 14567.

ಇನ್ನು ಮೂರು ಲಕ್ಷದ ಮಾತು. ಅದು ಮಾಡು, ಗೋಡೆ, ನೆಲ, ಬಚ್ಚಲು ಎಲ್ಲವನ್ನೂ ಸೇರಿಸಿ ಹೇಳಿದ ಲೆಕ್ಕ. ಅಡುಗೆಮನೆಯ ಮಾಡಿಗೆ ಮಾತ್ರ ಬೇರೆ ಚೀಟಿ ಬರೆಸಿಕೊಳ್ಳಿ, ಏಕೆಂದರೆ ಮಣ್ಣಿನ ಗೋಡೆ ಉಬ್ಬುವುದು ಹೆಚ್ಚಾಗಿ ಮೇಲಿನಿಂದ ಇಳಿದ ನೀರಿನಿಂದ. ಮಾಡಿನ ಸೋರಿಕೆ ನಿಲ್ಲದೆ ಗೋಡೆಗೆ ಹಾಕಿದ ಹಣ ಮುಂದಿನ ಆಷಾಢದಲ್ಲಿ ಕರಗಿಹೋಗುತ್ತದೆ. ಗೋಡೆಗೆ ಸಿಮೆಂಟ್ ಗಿಲಾವು ಬೇಡವೇ ಬೇಡ. ಅದು ತೇವವನ್ನು ಒಳಗೇ ಹಿಡಿದಿಟ್ಟು ಮಣ್ಣನ್ನು ಇನ್ನಷ್ಟು ಸಡಿಲಗೊಳಿಸುತ್ತದೆ. ಹೆಂಚನ್ನು ಹೊರುವ ಮರದ ಪಕಾಸು, ರೀಪುಗಳಲ್ಲಿ ಒರಲೆ ತಿಂದವನ್ನು ಬದಲಿಸಿ, ಹೆಂಚು ಕೈಯಾಡಿಸಿ, ಅಂದರೆ ತೆಗೆದು ಮತ್ತೆ ಸರಿಯಾಗಿ ಜೋಡಿಸಿ, ಒಡೆದವುಗಳ ಜಾಗಕ್ಕೆ ಹಳೆಯ ಹೆಂಚು ತಂದು ಹಾಕಿದರೆ ಈ ಮಳೆಗಾಲ ಕಳೆಯುತ್ತದೆ.

ಹಳೆಯ ಹೆಂಚಿನ ವಿಷಯದಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿ ಆದದ್ದನ್ನು ಹೇಳಬೇಕು. ಅಗ್ಗಕ್ಕೆ ಸಿಕ್ಕಿತೆಂದು ಎರಡು ಮೂರು ಕಾರ್ಖಾನೆಗಳ ಹೆಂಚುಗಳನ್ನು ಬೆರೆಸಿ ಹೊದಿಸಿದರು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರಲಿಲ್ಲ. ಬೆರಳ ತುದಿ ತೂರುವಷ್ಟು ಸಂದು. ಮಳೆ ನೇರವಾಗಿ ಬಿದ್ದಾಗ ಏನೂ ಆಗಲಿಲ್ಲ, ಗಾಳಿ ಬೀಸಿದ ರಾತ್ರಿ ಒಲೆಯ ಬೂದಿಯೆಲ್ಲ ಕೆಸರಾಯಿತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಅನೇಕ ಕಾರ್ಖಾನೆಗಳು ಹುಟ್ಟಿದವು, ಒಂದೊಂದರ ಅಚ್ಚು ಒಂದೊಂದು ಬಗೆ. ಆದ್ದರಿಂದ ಅಜ್ಜಿಯ ಮನೆಯ ಒಂದು ಹೆಂಚನ್ನು ಚೀಲದಲ್ಲಿಟ್ಟುಕೊಂಡೇ ಹೋಗಿ, ಅದರ ಮೇಲೆ ಒತ್ತಿರುವ ಹೆಸರನ್ನು ನೋಡಿ, ಜೋಡಿಸಿ ಪರೀಕ್ಷಿಸಿ ಕೊಳ್ಳಿ.

ಸರ್ಕಾರದ ಮನೆ ಸಿಗದೇ ಎಂದೂ ಕೇಳಿದ್ದೀರಿ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಾಗಲಿ ರಾಜ್ಯದ ಬಸವ ವಸತಿ ಯೋಜನೆಯಾಗಲಿ ಇರುವುದು ವಸತಿಹೀನರಿಗೆ ಮತ್ತು ಕಚ್ಚಾ ಮನೆಯವರಿಗೆ ಹೊಸ ಮನೆ ಕಟ್ಟಿಕೊಡಲು. ಹೆಂಚು ಬದಲಿಸುವುದಕ್ಕೆ ಅಲ್ಲಿ ಹಣವಿಲ್ಲ. ಆದರೆ ಮಳೆ ಗಾಳಿಗೆ ಗೋಡೆಯೋ ಮಾಡೋ ಕುಸಿದರೆ ತಡಮಾಡದೆ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ಅವಶೇಷ ತೆಗೆಯುವ ಮುನ್ನ ಫೋಟೊ ತೆಗೆದು ಪಂಚನಾಮೆ ಮಾಡಿಸಿ. ವಿಪತ್ತು ಪರಿಹಾರ ನಿಧಿಯ 2022ರ ನಿಯಮದಲ್ಲಿ ಶೇ 15ಕ್ಕಿಂತ ಕಡಿಮೆಯಿಲ್ಲದ ಭಾಗಶಃ ಹಾನಿಗೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ ನಿಗದಿಯಾಗಿತ್ತು. ಸಣ್ಣ ಮೊತ್ತವೇ, ಆದರೂ ಅಜ್ಜಿಗೆ ಅದು ತಿಂಗಳ ಆದಾಯಕ್ಕಿಂತ ಹೆಚ್ಚು.

ಮನೆಯನ್ನು ಆಧಾರವಾಗಿಟ್ಟು ಹಿರಿಯರಿಗೆ ಹಣ ಕೊಡುವ ರಿವರ್ಸ್ ಮಾರ್ಟ್‌ಗೇಜ್ ಎಂಬ ಬ್ಯಾಂಕ್ ವ್ಯವಸ್ಥೆಯೂ ಇದೆ. ಅದು ಪಟ್ಟಣದಲ್ಲಿ ಸ್ವಂತ ಹೆಸರಿನ ಶುದ್ಧ ದಾಖಲೆಯಿರುವವರಿಗೆ ಹೊಂದುತ್ತದೆ, ಇಲ್ಲಿ ಬೇಡ. ಖಾಸಗಿ ಸಂಸ್ಥೆಗಳ ವಾರದ ಕಂತಿನ ಸಾಲವಂತೂ ಸಲ್ಲದು, ಏಕೆಂದರೆ ಗೃಹಲಕ್ಷ್ಮಿ ಹಣ ಪ್ರತಿ ತಿಂಗಳೂ ಹೇಳಿದ ದಿನಕ್ಕೆ ಬರುವುದಿಲ್ಲ, ಕಂತು ಮಾತ್ರ ಬರುವವರೆಗೆ ಕಾಯುವುದಿಲ್ಲ. ಸಾಲ ಅನಿವಾರ್ಯವಾದರೆ ಮಗನೇ ತನ್ನ ಹೆಸರಿನಲ್ಲಿ ಬ್ಯಾಂಕಿನಿಂದಲೋ ಊರಿನ ಸಹಕಾರ ಸಂಘದಿಂದಲೋ ಪಡೆಯಲಿ, ತೀರಿಸುವವನೂ ಅವನೇ ಆಗಿರಲಿ. ಮಗಳ ಬಳಿಯೂ ಕೇಳಿ. ಪಾಲು ಇರುವವಳಿಗೆ ಹೊಣೆಯೂ ಇದೆ, ಅವಳನ್ನು ಯಾರೂ ಇದುವರೆಗೆ ಕೇಳಿದಂತೆ ಕಾಣುವುದಿಲ್ಲ.

ಪತಿಯ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಗ್ರಾಮ ಪಂಚಾಯಿತಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಿಸಿ, ಮೂವರ ಹೆಸರೂ ಬರಲಿ. ಏಪ್ರಿಲ್ ಕಳೆದರೆ ಹೆಂಚು ಕೈಯಾಡಿಸುವ ಆಳುಗಳು ಸಿಗುವುದು ಕಷ್ಟ, ಹಾಗಾಗಿ ಖಾತೆ ಬರುವವರೆಗೆ ಕಾಯದೆ ಮೇಸ್ತ್ರಿಗೆ ಈ ವಾರವೇ ದಿನ ಗೊತ್ತುಮಾಡಿ.

— ಸಂಪಾದಕ