ರಾಡಾರಿನ ಕಣ್ಣು ಕಟ್ಟುವವರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳ ವಿಷಯ, ಶತ್ರುವಿನ ವಾಯುರಕ್ಷಣೆಯನ್ನು ಅಡಗಿಸುವ ವಿಮಾನಗಳು ಮತ್ತು ಅದರ ಸಿಬ್ಬಂದಿ. ಬಂದ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: 2025ರ ಮೇ 8ರಂದು ಭಾರತ ಸರ್ಕಾರ, ಪಾಕಿಸ್ತಾನದ ಹಲವೆಡೆ ವಾಯುರಕ್ಷಣಾ ರಾಡಾರ್‌ಗಳ ಮೇಲೆ ದಾಳಿ ಮಾಡಿದ್ದೇವೆ, ಲಾಹೋರಿನ ಒಂದು ವ್ಯವಸ್ಥೆ ನಿಷ್ಕ್ರಿಯವಾಗಿದೆ ಎಂದಿತು. ನಿಷ್ಕ್ರಿಯ ಅಂದರೂ ನಾಶ ಅಂದರೂ ಒಂದೇ ಅಲ್ಲವೇ?
— ಬಜಪೆಯ ಓದುಗರು

ಉತ್ತರ: ಅಲ್ಲ. ಕ್ಷಿಪಣಿ ಘಟಕ ಎಂಬುದು ಒಂದು ಯಂತ್ರವಲ್ಲ. ಆಕಾಶವನ್ನು ಜಾಲಾಡುವ ಶೋಧ ರಾಡಾರ್, ಒಂದೇ ವಿಮಾನದ ಬೆನ್ನು ಹತ್ತಿ ಕ್ಷಿಪಣಿಗೆ ದಾರಿ ತೋರಿಸುವ ಗುರಿ ರಾಡಾರ್, ಆಜ್ಞೆ ಕೊಡುವ ವಾಹನ, ಉಡಾವಣಾ ಯಂತ್ರಗಳು, ಜನರೇಟರ್, ಇವನ್ನೆಲ್ಲ ಜೋಡಿಸುವ ಕೇಬಲ್ ಅಥವಾ ರೇಡಿಯೊ ಇಷ್ಟೂ ಸೇರಿದರೆ ಒಂದು ಘಟಕ. ಸೋವಿಯತ್ ಎಸ್-75ರಲ್ಲಿ ನಡುವೆ ಒಂದು ಗುರಿ ರಾಡಾರ್, ಸುತ್ತ ಆರು ಉಡಾವಣಾ ಯಂತ್ರ. ಒಂದೊಂದರ ಮೇಲೂ ಹತ್ತು ಮೀಟರಿಗಿಂತ ಉದ್ದದ, ಎರಡು ಟನ್ನಿಗಿಂತ ಭಾರದ ಒಂದು ಕ್ಷಿಪಣಿ. ನಡುವಿನ ಆಂಟೆನಾ ಚೂರಾದರೆ ಆರೂ ಕ್ಷಿಪಣಿ ಇದ್ದೂ ಇಲ್ಲದಂತೆ. ಬದಲಿ ಆಂಟೆನಾ ತಂದು ಕೂರಿಸಿದರೆ ಅದೇ ಘಟಕ ಮತ್ತೆ ಎದ್ದು ನಿಲ್ಲುತ್ತದೆ.

ಇನ್ನೂ ಒಂದು ಬಗೆ ಉಂಟು. ಒಂದು ಗುಂಡೂ ತಾಗಬೇಕಾಗಿಲ್ಲ. ನಮ್ಮ ಬಾಂಬರ್‌ಗಳು ದಾಟಿಹೋಗುವ ಇಪ್ಪತ್ತು ನಿಮಿಷ ಎದುರಿನವರು ಹೆದರಿ ರಾಡಾರ್ ಆರಿಸಿ ಕೂತರೆ ಸಾಕು. ವಾಯುಪಡೆಗಳ ಭಾಷೆಯಲ್ಲಿ ಹೀಗೆ ಬಾಯಿ ಮುಚ್ಚಿಸುವುದು ‘ಸೀಡ್’, ಪೂರ್ತಿ ಒಡೆದುಹಾಕುವುದು ‘ಡೀಡ್’. ಎಷ್ಟು ರಾಡಾರ್ ಒಡೆದರು ಎಂಬ ಲೆಕ್ಕಕ್ಕಿಂತ, ಬಾಂಬ್ ಹೊತ್ತು ಹೋದವರು ಎಷ್ಟು ಮಂದಿ ಮರಳಿದರು ಎಂಬ ಲೆಕ್ಕವೇ ಮೊದಲನೆಯದರ ಸರಿಯಾದ ಅಳತೆ.

ಪ್ರಶ್ನೆ: ರಾಡಾರ್ ವಿಮಾನವನ್ನು ಮೊದಲು ಕಾಣುತ್ತದೋ, ವಿಮಾನ ರಾಡಾರನ್ನೋ? ತಗ್ಗಿನಲ್ಲಿ ಹಾರುವುದು, ಗುಡ್ಡದ ಮರೆ ಹಿಡಿಯುವುದು ಈಗಲೂ ಉಪಯೋಗಕ್ಕೆ ಬರುತ್ತದೆಯೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಸಾಮಾನ್ಯವಾಗಿ ವಿಮಾನವೇ ಮೊದಲು. ರಾತ್ರಿ ಅಡಿಕೆ ತೋಟದಲ್ಲಿ ಟಾರ್ಚ್ ಹಿಡಿದವನಿಗೆ ಕಾಣುವುದು ನಾಲ್ಕು ಮರ. ಅವನ ಟಾರ್ಚ್ ಕಾಣುವುದು ಇಡೀ ತೋಟಕ್ಕೆ. ರಾಡಾರಿನ ತರಂಗ ಹೋಗಿ ವಿಮಾನಕ್ಕೆ ಬಡಿದು ಮರಳಬೇಕು. ಹಾಗಾಗಿ ದೂರ ಎರಡು ಪಟ್ಟಾದರೆ ಪ್ರತಿಧ್ವನಿಯ ಬಲ ಹದಿನಾರನೇ ಒಂದಕ್ಕೆ ಇಳಿಯುತ್ತದೆ. ವಿಮಾನದಲ್ಲಿರುವ ಎಚ್ಚರಿಕೆ ರಿಸೀವರ್‌ಗೆ ಒಮ್ಮುಖ ಪ್ರಯಾಣ ಮಾತ್ರ, ಅಲ್ಲಿ ಇಳಿಯುವುದು ನಾಲ್ಕನೇ ಒಂದಕ್ಕೆ. ಈ ವ್ಯತ್ಯಾಸದಿಂದಲೇ ಈ ಕಸುಬು ಹುಟ್ಟಿದ್ದು. ಆದರೆ ರಿಸೀವರ್ ದಿಕ್ಕು ಹೇಳುತ್ತದೆ, ದೂರ ಹೇಳುವುದಿಲ್ಲ. ದೂರ ತಿಳಿಯಲು ವಿಮಾನ ಅಡ್ಡಡ್ಡ ಹಾರಿ ಬೇರೆ ಬೇರೆ ಜಾಗದಿಂದ ದಿಕ್ಕು ಹಿಡಿದು ಗೆರೆಗಳು ಕೂಡುವ ಬಿಂದು ಹುಡುಕಬೇಕು. ಅಷ್ಟರಲ್ಲಿ ರಾಡಾರ್ ಆರಿದರೆ ಗೆರೆ ಅರ್ಧಕ್ಕೇ ನಿಲ್ಲುತ್ತದೆ.

ಗದ್ದಲದ ತರಂಗ ಸೂಸಿ ರಾಡಾರನ್ನು ಮಂಕಾಗಿಸುವ ಜಾಮರ್‌ಗೂ ಇದೇ ಲೆಕ್ಕ, ಮಿತಿಯೂ ಇಲ್ಲೇ. ಜಾಮರ್‌ನ ಗದ್ದಲ ಒಮ್ಮುಖ, ಪ್ರತಿಧ್ವನಿ ಇಮ್ಮುಖ. ದೂರದಲ್ಲಿ ಗದ್ದಲ ಗೆಲ್ಲುತ್ತದೆ. ಹತ್ತಿರ ಬಂದಂತೆ ಪ್ರತಿಧ್ವನಿ ಬೇಗ ಬೆಳೆದು, ಒಂದು ದೂರದಲ್ಲಿ ಗದ್ದಲವನ್ನು ಸೀಳಿಕೊಂಡು ತೆರೆಯ ಮೇಲೆ ಮೂಡುತ್ತದೆ. ಜಾಮರ್ ಇದೆ ಎಂದು ನಂಬಿ ಆ ಗೆರೆ ದಾಟಿದವರಿಗೆ ಉಳಿಗಾಲ ಕಡಿಮೆ.

ಇನ್ನು ಮರೆಯ ವಿಷಯ. ರಾಡಾರಿಗೆ ಕಾಣುವ ದೂರವನ್ನು ಕಿ.ಮೀ.ನಲ್ಲಿ ಪಡೆಯಲು ಆಂಟೆನಾದ ಎತ್ತರ, ವಿಮಾನದ ಎತ್ತರ ಎರಡನ್ನೂ ಮೀಟರಿನಲ್ಲಿ ತೆಗೆದುಕೊಂಡು, ಎರಡರ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಬೇಕು. ಪಣಂಬೂರಿನ ತೀರದಲ್ಲಿ 10 ಮೀಟರ್ ಎತ್ತರದ ಆಂಟೆನಾ ಇದೆ ಎಂದು ಬರೀ ಲೆಕ್ಕಕ್ಕೆ ಇಟ್ಟುಕೊಳ್ಳಿ. ಕಡಲ ಕಡೆಯಿಂದ 10,000 ಮೀಟರ್ ಎತ್ತರದಲ್ಲಿ ಬರುವ ವಿಮಾನ 425 ಕಿ.ಮೀ. ದೂರದಲ್ಲೇ ಕಣ್ಣಿಗೆ ಬೀಳಬಹುದು. 50 ಮೀಟರಿನಲ್ಲಿ ಬಂದರೆ 42 ಕಿ.ಮೀ.ಗೆ ಮಾತ್ರ, ಗಂಟೆಗೆ 900 ಕಿ.ಮೀ. ವೇಗದಲ್ಲಿ ಅದು ಮೂರು ನಿಮಿಷವೂ ಅಲ್ಲ.

ಪೂರ್ವಕ್ಕೆ ತಿರುಗಿದರೆ ಘಟ್ಟ. 1,894 ಮೀಟರಿನ ಕುದುರೆಮುಖ ಶಿಖರ ಪಣಂಬೂರಿನಿಂದ ನೇರ ದಾರಿಯಲ್ಲಿ 50-55 ಕಿ.ಮೀ. ಭೂಮಿಯ ಬಾಗನ್ನೂ ಸೇರಿಸಿ ನೋಡಿದರೆ, ಆ ದಿಕ್ಕಿನಲ್ಲಿ 100 ಕಿ.ಮೀ. ಆಚೆ ಇರುವ ವಿಮಾನ ಸಮುದ್ರಮಟ್ಟದಿಂದ ಸುಮಾರು ಮೂರೂಮುಕ್ಕಾಲು ಕಿ.ಮೀ. ಮೇಲೇರುವವರೆಗೆ ಈ ರಾಡಾರಿಗೆ ಕಾಣುವುದೇ ಇಲ್ಲ. ರಾಡಾರನ್ನು ಬೆಟ್ಟದ ನೆತ್ತಿಗೋ ವಿಮಾನದ ಬೆನ್ನಿಗೋ ಏರಿಸುವುದು ಇದಕ್ಕೇ. ತಗ್ಗಿನ ಹಾರಾಟ ಪುಕ್ಕಟೆಯೇನೂ ಅಲ್ಲ: ಇಂಧನ ಸುರಿಯುತ್ತದೆ, ಫಿರಂಗಿಗಳ ಮತ್ತು ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳ ಬಾಯಿಗೆ ನೇರ ಬೀಳುತ್ತೀರಿ.

ಪ್ರಶ್ನೆ: ಈ ಕೆಲಸಕ್ಕೆಂದೇ ಪ್ರತ್ಯೇಕ ವಿಮಾನ ಬಂದದ್ದು ಯಾವಾಗ? ಎರಡು ಸೀಟು ಎಂತಕ್ಕೆ?
— ನಿವೃತ್ತ ಶಿಕ್ಷಕರು, ಉಡುಪಿ

ಉತ್ತರ: 1965ರ ಜುಲೈ 24ರಂದು ಉತ್ತರ ವಿಯೆಟ್ನಾಂ ಮೇಲೆ ಅಮೆರಿಕದ ಒಂದು ಎಫ್-4ಸಿ ಎಸ್-75 ಕ್ಷಿಪಣಿಗೆ ಬಲಿಯಾಯಿತು. ಆ ಯುದ್ಧದಲ್ಲಿ ಇಂಥದ್ದು ಮೊದಲು. ನವೆಂಬರ್ ಹೊತ್ತಿಗೆ, ಎರಡು ಸೀಟಿನ ಎಫ್-100ಎಫ್ ವಿಮಾನಗಳಿಗೆ ರಾಡಾರ್ ಆಲಿಸುವ ರಿಸೀವರ್ ಕೂರಿಸಿ ಥಾಯ್ಲೆಂಡಿನ ಕೋರಾಟ್‌ಗೆ ತಂದರು. ಹೆಸರು ‘ವೈಲ್ಡ್ ವೀಸಲ್’. ಡಿಸೆಂಬರ್ 20ರಂದು ಅದರಲ್ಲೊಂದು ಫಿರಂಗಿಗೆ ಸಿಕ್ಕಿ ಬಿತ್ತು. 22ರಂದು ಆಲನ್ ಲ್ಯಾಂಬ್ ಮತ್ತು ಜಾಕ್ ಡೊನೊವನ್ ಇದ್ದ ವಿಮಾನ ಒಂದು ಘಟಕವನ್ನು ಹುಡುಕಿ ರಾಕೆಟ್ ಹೊಡೆಯಿತು, ಹಿಂದೆ ಬಂದ ಎಫ್-105ಗಳು ಮುಗಿಸಿದವು. ರಾಡಾರಿನ ಜಾಡು ಹಿಡಿದು ಹೋಗುವ ಕ್ಷಿಪಣಿ ಆಗ ಇನ್ನೂ ಕೈಗೆ ಬಂದಿರಲಿಲ್ಲ. ಎಫ್-100ಎಫ್ ಜತೆಯ ಎಫ್-105ಗಳ ವೇಗಕ್ಕೆ ಸಾಟಿಯಾಗದ ಕಾರಣ 1966ರಲ್ಲಿ ಎರಡು ಸೀಟಿನ ಎಫ್-105ಗಳೇ ಈ ಕೆಲಸಕ್ಕೆ ಬಂದವು.

ಎರಡು ಸೀಟಿಗೆ ಕಾರಣ, ಎರಡು ಕೆಲಸ. ಮುಂದಿನವನ ಕಣ್ಣು ಹೊರಗಿರಬೇಕು, ಹಿಂದಿನವನ ಕಿವಿ ಒಳಗಿರಬೇಕು. ಶೋಧ ರಾಡಾರ್ ಸುತ್ತುತ್ತಿದ್ದರೆ ಹೆಡ್‌ಫೋನಿನಲ್ಲಿ ಕೆಲವು ಸೆಕೆಂಡಿಗೊಮ್ಮೆ ಸದ್ದು. ಗುರಿ ರಾಡಾರ್ ಹಿಡಿದರೆ ಬಿಡದೆ ಕೊರೆಯುವ ಸದ್ದು. ಕ್ಷಿಪಣಿಗೆ ಆಜ್ಞೆ ಹೋಗತೊಡಗಿದರೆ ಉಡಾವಣೆಯ ದೀಪ. ಪುಟ್ಟ ದುಂಡು ತೆರೆಯಲ್ಲಿ ಗೆರೆ ಉದ್ದವಾದಷ್ಟೂ ಸಿಗ್ನಲ್ ಬಲ ಹೆಚ್ಚು.

ತಪ್ಪಿಸಿಕೊಳ್ಳುವುದಕ್ಕೆ ಕ್ಷಿಪಣಿ ಕಣ್ಣಿಗೆ ಕಾಣಲೇಬೇಕು. ಕ್ಷಿಪಣಿಯನ್ನು ಮೇಲೆತ್ತುವ ಬೂಸ್ಟರ್ ರಾಕೆಟ್ ಹೊತ್ತಿಕೊಂಡಾಗ ನೆಲದಲ್ಲಿ ದೂಳಿನ ಮೋಡ ಏಳುತ್ತದೆ, ಮೊದಲ ಸುಳಿವು ಅದು. ಆಮೇಲೆ ಮೂಗು ತಗ್ಗಿಸಿ ಕೆಳಕ್ಕೆ ಧುಮುಕಿ, ಕ್ಷಿಪಣಿಯೂ ಬೆನ್ನಟ್ಟಿ ಬಾಗಿದ ಮೇಲೆ ಒಮ್ಮೆಲೇ ಮೇಲಕ್ಕೆ ಎಳೆಯಬೇಕು. ಕ್ಷಿಪಣಿಗೆ ಅಷ್ಟು ವೇಗ, ಅಷ್ಟು ಚಿಕ್ಕ ರೆಕ್ಕೆ. ಅದಕ್ಕೆ ಆ ತಿರುವು ಆಗದು. ಬೇಗ ಎಳೆದರೆ ಕ್ಷಿಪಣಿ ದಾರಿ ತಿದ್ದಿಕೊಳ್ಳುತ್ತದೆ. ತಡವಾದರೆ ಸುಮಾರು 200 ಕೆ.ಜಿ.ಯ ಸಿಡಿತಲೆ ಪಕ್ಕದಲ್ಲೇ ಸಿಡಿಯುತ್ತದೆ. ಕೆಳಗೆ ಮೋಡ ದಟ್ಟವಾಗಿದ್ದರೆ ಈ ಉಪಾಯ ನಡೆಯದು, ಮೋಡ ಸೀಳಿ ಬರುವ ಹೊತ್ತಿಗೆ ಉಳಿಯುವುದು ಕೆಲವೇ ಕ್ಷಣ.

ಆಮೇಲೆ ಬಂದ ‘ಶ್ರೈಕ್’ ಕ್ಷಿಪಣಿ ರಾಡಾರಿನ ತರಂಗವನ್ನೇ ಹಿಡಿದು ಹೋಗುತ್ತಿತ್ತು. ಕುಂದುಗಳು ಹಲವು. ವ್ಯಾಪ್ತಿ ಎಸ್-75ಕ್ಕಿಂತ ಕಡಿಮೆ, ಅಂದರೆ ಹೊಡೆಯಲು ಶತ್ರುವಿನ ವ್ಯಾಪ್ತಿಯೊಳಗೇ ನುಗ್ಗಬೇಕು. ಒಂದೊಂದು ಬಗೆಯ ರಾಡಾರಿಗೆ ಒಂದೊಂದು ಮೂತಿ, ಅದನ್ನು ನೆಲದ ಮೇಲೇ ಆಯ್ದು ಕೂರಿಸಿರಬೇಕು. ಮೇಲೆ ಹೋದ ಮೇಲೆ ಬೇರೆ ರಾಡಾರ್ ಎದುರಾದರೆ ಬರಿಗೈ. ಎಲ್ಲಕ್ಕಿಂತ ದೊಡ್ಡದು, ರಾಡಾರ್ ಆರಿದರೆ ಅದಕ್ಕೆ ನೆನಪೇ ಇರಲಿಲ್ಲ.

ಪ್ರಶ್ನೆ: ಅದನ್ನೇ ಕೇಳಬೇಕೆಂದಿದ್ದೆ. ಸ್ವಿಚ್ ಆಫ್ ಮಾಡಿದರೆ ಆಯಿತಲ್ಲ? ಮತ್ತೆ ಕ್ಷಿಪಣಿ ಎಲ್ಲಿಗೆ ಹೋಗುವುದು?
— ಕಾರ್ಕಳದ ಓದುಗರು

ಉತ್ತರ: ಎಲ್ಲಿಗಾದರೂ. 1999ರ ಏಪ್ರಿಲ್ 28ರಂದು ಯುಗೊಸ್ಲಾವಿಯಾದ ಮೇಲೆ ಹಾರಿಸಿದ ಒಂದು ‘ಹಾರ್ಮ್’ ಕ್ಷಿಪಣಿ ಗಡಿ ದಾಟಿ, ಬಲ್ಗೇರಿಯಾದ ರಾಜಧಾನಿ ಸೋಫಿಯಾದ ಅಂಚಿನ ಒಂದು ಮನೆಗೆ ಬಡಿಯಿತು. ಹಾರ್ಮ್ ಶ್ರೈಕ್‌ನ ಮೊಮ್ಮಗ ಅನ್ನಬಹುದು: ಸುಮಾರು 360 ಕೆ.ಜಿ. ತೂಕ, 66 ಕೆ.ಜಿ. ಸಿಡಿತಲೆ, ಶಬ್ದದ ಎರಡು ಪಟ್ಟಿಗೂ ಮಿಕ್ಕಿದ ವೇಗ. ರಾಡಾರ್ ಆರಿದರೂ ಕೊನೆಯ ದಿಕ್ಕು ನೆನಪಿಟ್ಟು ಹೋಗುತ್ತದೆ, ಆದರೆ ಹಳೆಯ ಮಾದರಿಗಳಲ್ಲಿ ಗುರಿ ಜಾರುತ್ತದೆ. ಅದರ ಈಗಿನ ಸುಧಾರಿತ ರೂಪ ‘ಎಎಆರ್‌ಜಿಎಂ’ನಲ್ಲಿ ಜಿಪಿಎಸ್ ಜತೆಗೆ ಕೊನೆಯ ಹಂತಕ್ಕೆ ಅದರದೇ ಪುಟ್ಟ ರಾಡಾರ್ ಕೂಡ ಇದೆ.

ಅದೇ ಯುದ್ಧದ 78 ದಿನಗಳಲ್ಲಿ ನೇಟೊ 743 ಹಾರ್ಮ್ ಹಾರಿಸಿತು. ಯುಗೊಸ್ಲಾವಿಯಾದ ಸೇನೆ ನಡೆಸುತ್ತಿದ್ದ ಸರ್ಬಿಯನ್ನರು ರಾಡಾರನ್ನು ಕೆಲವೇ ಸೆಕೆಂಡು ಹಚ್ಚಿ ಆರಿಸಿ ಜಾಗ ಬದಲಿಸುತ್ತಿದ್ದರು. ಮಾರ್ಚ್ 27ರಂದು ಅವರ ಅಧಿಕಾರಿ ಜೊಲ್ಟಾನ್ ಡಾನಿಯ ಘಟಕ, ರಾಡಾರಿಗೆ ಕಾಣುವುದೇ ಕಷ್ಟ ಎನ್ನಿಸಿಕೊಂಡ ಎಫ್-117ನ್ನು ಹಳೆಯ ಸೋವಿಯತ್ ಕ್ಷಿಪಣಿ ಎಸ್-125ರಿಂದ ಕೆಡವಿತು. ಮೇ 2ರಂದು ಒಂದು ಎಫ್-16 ಬಿತ್ತು. ಹಾಗಾದರೆ ಗೆದ್ದವರು ಯಾರು? ಸರ್ಬಿಯದ ಹಲವು ಘಟಕಗಳು ಕೊನೆಯವರೆಗೂ ಉಳಿದವು. ಆದರೆ ರಾಡಾರ್ ಆರಿಸಿಯೇ ಉಳಿದ ಘಟಕ ಅಷ್ಟು ಹೊತ್ತು ಏನನ್ನೂ ಕಾಯಲಿಲ್ಲ. ಅತ್ತ ನೇಟೊ ವಿಮಾನಗಳೂ ಭಯಕ್ಕೆ ಬಹುಮಟ್ಟಿಗೆ 4,500 ಮೀಟರಿಗಿಂತ ಮೇಲೆಯೇ ಹಾರಿದವು, ಅಲ್ಲಿಂದ ಕೆಳಗಿನ ಟ್ಯಾಂಕ್ ಗುರುತಿಸುವುದೇ ಕಷ್ಟ. ಎರಡೂ ಕಡೆ ಒಬ್ಬರನ್ನೊಬ್ಬರು ಅಡಗಿಸಿದ್ದರು ಎನ್ನುವುದೇ ನ್ಯಾಯ.

ಇದಕ್ಕೆ ತದ್ವಿರುದ್ಧ 1982ರ ಜೂನ್ 9ರ ಬೆಕಾ ಕಣಿವೆ. 1973ರ ಯುದ್ಧದಲ್ಲಿ ನೂರರಷ್ಟು ವಿಮಾನ ಕಳೆದುಕೊಂಡಿದ್ದ ಇಸ್ರೇಲ್, ಲೆಬನಾನಿನಲ್ಲಿ ಸಿರಿಯಾ ಇಟ್ಟಿದ್ದ 19 ಘಟಕಗಳಲ್ಲಿ 17ನ್ನು ಅಂದೇ ಒಡೆಯಿತು. ಮೊದಲು ವಿಮಾನದಂತೆ ಕಾಣುವ ಹುಸಿ ಡ್ರೋನ್ ಬಿಟ್ಟರು. ಸಿರಿಯನ್ನರು ರಾಡಾರ್ ಹಚ್ಚಿದರು, ಕ್ಷಿಪಣಿ ಸುರಿದರು. ಹಚ್ಚಿದ ರಾಡಾರ್‌ಗಳ ಮೇಲೆ ಕ್ಷಿಪಣಿ, ಕುರುಡಾದ ಘಟಕಗಳ ಮೇಲೆ ಬಾಂಬ್. ತಿಂಗಳುಗಟ್ಟಲೆ ಕೂತಲ್ಲೇ ಕೂತದ್ದು ಸಿರಿಯನ್ನರ ದೊಡ್ಡ ತಪ್ಪು. ಇಸ್ರೇಲ್ ಅವರ ಜಾಗ, ಫ್ರೀಕ್ವೆನ್ಸಿ ಎರಡನ್ನೂ ಮೊದಲೇ ಬರೆದಿಟ್ಟುಕೊಂಡಿತ್ತು.

ಪ್ರಶ್ನೆ: ಭಾರತದ ಬಳಿ ಇಂಥ ಕ್ಷಿಪಣಿ ಇದೆಯೇ?
— ಮಣಿಪಾಲದ ಓದುಗರು

ಉತ್ತರ: ಇದೆ. ರಷ್ಯಾದ ಕೆಎಚ್-31ಪಿ ಹಳೆಯದು. ಡಿಆರ್‌ಡಿಒ ತಯಾರಿಸಿದ ರುದ್ರಂ ಕ್ಷಿಪಣಿಯನ್ನು 2020ರ ಅಕ್ಟೋಬರ್ 9ರಂದು ಸುಖೋಯ್-30ರಿಂದ, ಒಡಿಶಾ ತೀರದ ವೀಲರ್ ದ್ವೀಪದಲ್ಲಿಟ್ಟ ತರಂಗ ಸೂಸುವ ಗುರಿಯ ಮೇಲೆ ಪರೀಕ್ಷಿಸಿದರು. ರುದ್ರಂ-2ರ ಪರೀಕ್ಷೆ 2024ರ ಮೇ 29ರಂದು ನಡೆಯಿತು. ಇಸ್ರೇಲಿನ ಹಾರೋಪ್ ಬೇರೆ ಜಾತಿ: ಗಂಟೆಗಟ್ಟಲೆ ಆಕಾಶದಲ್ಲೇ ಸುತ್ತುತ್ತ ಕಾದು, ಗುರಿ ಕಂಡಾಗ ತಾನೇ ಅದರ ಮೇಲೆ ಎರಗುವ ಡ್ರೋನ್. ರಾಡಾರ್ ಆರಿಸಿದವನನ್ನು ಕಾಯಲು ಇದೇ ಮೇಲು. ಆರಿಸಿದ ರಾಡಾರ್ ಎಂದಾದರೂ ಹಚ್ಚಲೇಬೇಕಲ್ಲ.

ಪ್ರಶ್ನೆ: ಡ್ರೋನ್‌ಗಳೇ ಎಲ್ಲ ಮಾಡುವುದಾದರೆ ಮುಂದೆ ಪೈಲಟ್‌ಗಳಿಗೆ ಕೆಲಸ ಉಂಟೇ?
— ಕುಂದಾಪುರದ ಓದುಗರು

ಉತ್ತರ: ಉಂಟು, ಆದರೆ ಹಿಂದಿನ ಸಾಲಿನಲ್ಲಿ. ಪ್ರಾಣ ಒಡ್ಡಿ ರಾಡಾರನ್ನು ಕೆಣಕುವ ಕೆಲಸ ಈಗಾಗಲೇ ಯಂತ್ರಗಳ ಪಾಲಾಗಿದೆ. 2020ರಲ್ಲಿ ಅಜರ್‌ಬೈಜಾನ್ ಹಳೆಯ ಆನ್-2 ವಿಮಾನಗಳನ್ನು ಪೈಲಟ್ ಇಲ್ಲದೆ ಹಾರಿಸಿ ಅರ್ಮೇನಿಯಾದ ಘಟಕಗಳ ಜಾಗ ಬಯಲು ಮಾಡಿತು. ಅಮೆರಿಕದ ‘ಮಾಲ್ಡ್’ ಎಂಬ ಪುಟ್ಟ ಹುಸಿಗುರಿ ರಾಡಾರ್ ತೆರೆಯಲ್ಲಿ ದೊಡ್ಡ ಯುದ್ಧವಿಮಾನದಂತೆ ಕಾಣುತ್ತದೆ.

ಹಾರ್ಮ್ ಹಾರಿಸಲು ಮೂರು ವಿಧಾನ: ವಿಮಾನದ ರಿಸೀವರ್ ಹೇಳಿದ ಅಪಾಯದ ಮೇಲೆ, ಕ್ಷಿಪಣಿಯ ಮೂತಿಗೇ ಕಂಡದ್ದರ ಮೇಲೆ, ಮೊದಲೇ ಗುರುತಿಸಿಟ್ಟ ಜಾಗದ ಕಡೆಗೆ. 2022ರ ಆಗಸ್ಟ್‌ನಿಂದ ಉಕ್ರೇನ್ ಅದನ್ನು ಮಿಗ್-29ರಿಂದ ಹಾರಿಸಿದೆ. ಆ ವಿಮಾನದ ಎಲೆಕ್ಟ್ರಾನಿಕ್ಸ್ ಈ ಕ್ಷಿಪಣಿಗಾಗಿ ಮಾಡಿದ್ದಲ್ಲ, ಅಂಥದ್ದಕ್ಕೆ ಹೊಂದುವುದು ಮೂರನೆಯ ವಿಧಾನ. ರಷ್ಯಾ ಅಷ್ಟು ದೊಡ್ಡ ವಾಯುಪಡೆಯಿದ್ದೂ ಉಕ್ರೇನಿನ ಚಲಿಸುವ ಘಟಕಗಳನ್ನು ಮುಗಿಸಲಾಗದೆ, ಅದರ ಬಾಂಬರ್‌ಗಳು ದೂರದಿಂದಲೇ ಕ್ಷಿಪಣಿ ಹಾರಿಸುವಂತಾಯಿತು. ಕ್ಷಣಕ್ಷಣ ಫ್ರೀಕ್ವೆನ್ಸಿ ಬದಲಿಸುವ ರಾಡಾರ್, ಒಬ್ಬರು ನೋಡಿ ಇನ್ನೊಬ್ಬರು ಹೊಡೆಯುವ ಜಾಲ, ತರಂಗವನ್ನೇ ಸೂಸದೆ ಶಾಖ ನೋಡುವ ಕ್ಯಾಮೆರಾ ಬಂದ ಮೇಲೆ ಬರೀ ತರಂಗ ಹಿಡಿದು ಹೋಗುವ ಕ್ಷಿಪಣಿ ಸಾಲದು. ಯಾವ ಸಿಗ್ನಲ್ ನಿಜ, ಯಾವುದು ಬಲೆ ಎಂದು ತೀರ್ಮಾನಿಸುವವರು ಎಲ್ಲೋ ಇರಲೇಬೇಕು. ಅಮೆರಿಕದ ನೌಕಾಪಡೆಯ ಜಾಮರ್ ವಿಮಾನ ಗ್ರೌಲರ್‌ನಲ್ಲಿ ಇಂದಿಗೂ ಎರಡು ಸೀಟು ಇರುವುದು ಸುಮ್ಮನಲ್ಲ.

ಪ್ರಶ್ನೆ: ಸರ್ಬಿಯನ್ನರು ಮೈಕ್ರೋವೇವ್ ಓವನ್ ಬಾಗಿಲು ತೆರೆದಿಟ್ಟು ಹಾರ್ಮ್ ಕ್ಷಿಪಣಿಗಳಿಗೆ ಮಂಕುಬೂದಿ ಎರಚಿದರಂತೆ, ಹೌದೇ?
— ಮೂಲ್ಕಿಯ ಓದುಗರು

ಉತ್ತರ: ಕಥೆ ಚೆಂದ, ಲೆಕ್ಕ ಕೂಡುವುದಿಲ್ಲ. ಓವನ್ ಕೆಲಸ ಮಾಡುವುದು 2,450 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಎಸ್-125ರ ಗುರಿ ರಾಡಾರ್ 9,000ದ ಸುತ್ತಮುತ್ತ. ಫ್ರೀಕ್ವೆನ್ಸಿ ಹೊಂದಿದರೂ ಸಾಲದು, ಪಲ್ಸ್‌ನ (ರಾಡಾರ್ ಬಿಟ್ಟುಬಿಟ್ಟು ಸೂಸುವ ತರಂಗದ ತುಣುಕಿನ) ಉದ್ದ, ಎರಡು ಪಲ್ಸ್‌ಗಳ ನಡುವಿನ ಅಂತರ ಎಲ್ಲವೂ ರಾಡಾರಿನದೇ ಆಗಿರಬೇಕು. ಓವನ್‌ನ ಕೆಲವು ನೂರು ವಾಟ್ ಎಲ್ಲ ದಿಕ್ಕಿಗೂ ಚೆಲ್ಲಿಹೋಗುತ್ತದೆ. ರಾಡಾರಿನದೇ ಟ್ರಾನ್ಸ್‌ಮಿಟರ್ ಬಳಸಿ, ನಿಜವಾದ ಆಂಟೆನಾದಿಂದ ಸಾಕಷ್ಟು ದೂರದಲ್ಲಿಟ್ಟ ಹುಸಿ ಸಾಧನ ಕೆಲಸ ಮಾಡುತ್ತದೆ. ಓವನ್ ಬಾಗಿಲು ತೆರೆದಿಟ್ಟು ಚಾಲೂ ಮಾಡಿದವನ ಕಣ್ಣಿಗೆ ಮಾತ್ರ ಅಪಾಯ ಖಂಡಿತ.